ಎಮಿಷನ್ ಚೀಟಿ ಜೇಬಿನಲ್ಲಿ, ಪೆಟ್ರೋಲು ಗಾಳಿಯಲ್ಲಿ!

ದಾವಣಗೆರೆಯ ಮಂಡಿಪೇಟೆ ಕಡೆಯ ಕಿರಾಣಿ ವರ್ತಕರೊಬ್ಬರ ಕಾರಿಗೆ ವಿಚಿತ್ರ ಕಾಯಿಲೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಬಂಕಿನಲ್ಲಿ ನಿಂತಂತೆ ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಮನೆಯವರು ಆ ಕಾರು ಹತ್ತುವುದನ್ನೇ ಬಿಟ್ಟರು. ಮೊದಲ ಗ್ಯಾರೇಜಿನವರು ಫಿಲ್ಟರ್ ಬದಲಿಸಿದರು. ಎರಡನೆಯವರು ‘ಪೆಟ್ರೋಲ್ ಪಂಪೇ ಹೋಗಿದೆ’ ಎಂದು ಹೊಸ ಪಂಪು ಹಾಕಿದರು. ವರ್ತಕರ ಜೇಬು ಹಗುರಾಯಿತೇ ಹೊರತು ವಾಸನೆ ಜಪ್ಪಯ್ಯ ಎನ್ನಲಿಲ್ಲ.

ಇಷ್ಟಾದರೂ ಎಮಿಷನ್ ಪರೀಕ್ಷೆಯಲ್ಲಿ ಕಾರು ಪಾಸು!

ಕೊನೆಗೆ ಪಿ.ಬಿ. ರಸ್ತೆ ಆಸುಪಾಸಿನ ಸಣ್ಣ ಗ್ಯಾರೇಜೊಂದಕ್ಕೆ ಕಾರು ಬಂತು. ಅಲ್ಲಿನ ಹಳೇ ಮೇಸ್ತ್ರಿ ಬಾನೆಟ್ಟಿಗೆ ಕೈ ಹಚ್ಚಲೇ ಇಲ್ಲ. ಟ್ಯಾಂಕಿನ ಮುಚ್ಚಳ ಬಿಚ್ಚಿ, ಮಗುಚಿ ನೋಡಿ ಕೇಳಿದ್ದು ಒಂದೇ ಮಾತು.

“ಸಾವ್ಕಾರ್ರೆ, ಬಂಕಿನ್ಯಾಗೆ ಪೈಪು ‘ಟಕ್’ ಅಂದ ಮ್ಯಾಲೂ ಪೆಟ್ರೋಲ್ ಹಾಕಿಸ್ತೀರೇನು?”

“ಹೂಂನಪ್ಪ. ರೌಂಡ್ ಫಿಗರ್ ಆಗ್ಬೇಕಲ್ಲ, ಚಿಲ್ರೆ ಎಲ್ಲಿ ತರೋದು?”

“ಹಂಗಾದ್ರೆ ಪಂಪ್ ಹಾಕ್ಸಿದ್ದು ವೇಸ್ಟ್ ಆತು ಬಿಡ್ರಿ.”

ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿತ್ತು. ಕಾರಿನ ‘ಇದ್ದಿಲು ಡಬ್ಬಿ’ ಪೆಟ್ರೋಲ್ ಕುಡಿದು ತೊಪ್ಪೆಯಾಗಿತ್ತು. ಅವೆರಡನ್ನೂ ಬದಲಿಸಿದ ಮೇಲೆ ವಾಸನೆ ನಿಂತಿತು. ಪಂಪಿನ ದುಡ್ಡು ಮಾತ್ರ ವಾಪಸು ಬರಲಿಲ್ಲ.

ಏನಿದು ಇದ್ದಿಲು ಡಬ್ಬಿ?

ಪೆಟ್ರೋಲು ಸುಮ್ಮನಿರುವ ವಸ್ತುವಲ್ಲ. ಬಿಸಿಲೇರಿದಂತೆ ಟ್ಯಾಂಕಿನೊಳಗೇ ಆವಿಯಾಗುತ್ತದೆ. ಹಿಂದಿನ ಕಾಲದ ಗಾಡಿಗಳಲ್ಲಿ ಆ ಆವಿ ಮುಚ್ಚಳದ ಸಣ್ಣ ತೂತಿನಿಂದ ಹೊರಹೋಗುತ್ತಿತ್ತು, ಕೇಳುವವರಿರಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ ಹೊಗೆ ಮಂಜು ಕವಿದು ಜನರ ಕಣ್ಣುರಿ ಹೆಚ್ಚಿದಾಗ, ಹೀಗೆ ಹಾರಿಹೋಗುವ ಪೆಟ್ರೋಲ್ ಆವಿಗೂ ಅದರಲ್ಲಿ ಪಾಲಿದೆ ಎಂದು ಗೊತ್ತಾಯಿತು. ಕ್ಯಾಲಿಫೋರ್ನಿಯಾದಲ್ಲಿ 1970ರ ಕಾರುಗಳಿಂದ, ಅಮೆರಿಕ ಪೂರ್ತಿ 1971ರ ಕಾರುಗಳಿಂದ ಆವಿ ತಡೆಯುವ ವ್ಯವಸ್ಥೆ ಬಂತು.

ವ್ಯವಸ್ಥೆ ಸರಳ. ಮುಚ್ಚಳ ಬಿಗಿ. ಆವಿ ಪೈಪಿನ ಮೂಲಕ ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಗ್ಯಾರೇಜಿನವರು ಇದನ್ನೇ ಕ್ಯಾನಿಸ್ಟರ್ ಎನ್ನುವುದು. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಜಿನ್ ಓಡುವಾಗ ‘ಪರ್ಜ್ ವಾಲ್ವ್’ ಎಂಬ ಪುಟ್ಟ ಬಾಗಿಲು ತೆರೆದು, ಆ ಆವಿಯನ್ನು ಇಂಜಿನ್ನೇ ಎಳೆದುಕೊಂಡು ಸುಡುತ್ತದೆ. ಹಾರಿಹೋಗುವ ಪೆಟ್ರೋಲು ಕೆಲಸಕ್ಕೆ ಬಂದಂತಾಯಿತು.

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6 ನಿಯಮದ ಪ್ರಕಾರ, ಮುಚ್ಚಿದ ಕೋಣೆಯಲ್ಲಿ ಗಾಡಿ ನಿಲ್ಲಿಸಿ ಅಳೆದಾಗ ಪೆಟ್ರೋಲ್ ಕಾರಿನಿಂದ 2 ಗ್ರಾಂ, ದ್ವಿಚಕ್ರ ವಾಹನದಿಂದ 1.5 ಗ್ರಾಂ ಆವಿ ಮೀರಬಾರದು. ಆದರೆ ಈ ಅಳತೆ ಹೊಸ ಮಾಡೆಲ್ಲಿಗೆ ಒಪ್ಪಿಗೆ ಕೊಡುವಾಗಿನದು. ಊರಿನ ಎಮಿಷನ್ ಕೇಂದ್ರದವರ ಕಡ್ಡಿ ಹೋಗುವುದು ಸೈಲೆನ್ಸರ್ ಒಳಗೆ ಮಾತ್ರ. ಟ್ಯಾಂಕಿನ ಕಡೆ ಅದು ತಿರುಗಿಯೂ ನೋಡುವುದಿಲ್ಲ. ವರ್ತಕರ ಕಾರು ಪಾಸಾದ ಗುಟ್ಟು ಇದೇ.

ಮೊದಲು ಮೂಗು, ಆಮೇಲೆ ಪಾನೆ

ಸೋರಿಕೆ ಹುಡುಕಲು ಒಂದು ಕ್ರಮವಿದೆ. ಅಗ್ಗದ್ದರಿಂದ ಆರಂಭಿಸಿ ದುಬಾರಿಯ ಕಡೆಗೆ ಹೋಗಬೇಕು. ಅನೇಕರ ದುಡ್ಡು ಹಾಳಾಗುವುದು ಇದನ್ನು ಉಲ್ಟಾ ಮಾಡಿದ್ದರಿಂದ.

ವಾಸನೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಬಂದರೆ ಮುಚ್ಚಳ, ಪೈಪು ನೋಡಬೇಕು. ಫುಲ್ ಟ್ಯಾಂಕ್ ಮಾಡಿಸಿದಾಗ ಬಂದರೆ ಇದ್ದಿಲು ಡಬ್ಬಿಯ ಮೇಲೆ ಗುಮಾನಿ. ಆದರೆ ನೆಲದ ಮೇಲೆ ಪೆಟ್ರೋಲ್ ಹನಿ ಬಿದ್ದಿದ್ದರೆ, ಪೈಪು ಒದ್ದೆಯಾಗಿದ್ದರೆ ಅದು ಬೇರೆಯೇ ಕಾಯಿಲೆ. ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ಗಾಡಿಯನ್ನು ಬಯಲಿಗೆ ತಳ್ಳಿ, ಮೇಸ್ತ್ರಿಯನ್ನೇ ಅಲ್ಲಿಗೆ ಕರೆಸಿ.

ಮುಚ್ಚಳದ ವಾಷರ್ ಗಟ್ಟಿಯಾಗಿದೆಯೇ, ಬಿರುಕಿದೆಯೇ, ಟ್ಯಾಂಕಿನ ಬಾಯಿಗೆ ತುಕ್ಕು ಹಿಡಿದಿದೆಯೇ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ. ಆಮೇಲೆ ಪೈಪು. ಇಂಜಿನ್ ತಣ್ಣಗಿರುವಾಗ ರಬ್ಬರ್ ಪೈಪುಗಳ ಮೇಲೆ ಬೆರಳಾಡಿಸಿದರೆ ತಿರುವಿನಲ್ಲಿ ಬಿರುಕು, ಸಡಿಲ ಕ್ಲಿಪ್ಪು, ಇಲಿ ಕಡಿದ ಗುರುತು ಸಿಕ್ಕೀತು. ಸರ್ವಿಸ್ ಮಾಡಿದ ಹುಡುಗ ಪೈಪನ್ನು ವಾಪಸು ಸಿಕ್ಕಿಸದೆ ಮರೆತಿರುವುದೂ ಉಂಟು.

ಮೂರನೆಯದು ಪರ್ಜ್ ವಾಲ್ವು. ಪೆಟ್ರೋಲ್ ಹಾಕಿಸಿಕೊಂಡು ಹೊರಟ ತಕ್ಷಣ ಗಾಡಿ ಸ್ಟಾರ್ಟಾಗಲು ಸತಾಯಿಸುತ್ತಿದ್ದರೆ ಈ ವಾಲ್ವು ತೆರೆದೇ ಸಿಕ್ಕಿಕೊಂಡಿರಬಹುದು. ತಣ್ಣಗಿನ ಇಂಜಿನ್ ಐಡ್ಲಿಂಗಿನಲ್ಲಿ ಓಡುವಾಗ ಡಬ್ಬಿ ಕಡೆಯ ಪೈಪು ತೆಗೆದು, ವಾಲ್ವಿನ ಬಾಯಿಗೆ ಬೆರಳಿಟ್ಟು ನೋಡುತ್ತಾರೆ. ಸಾಮಾನ್ಯವಾಗಿ ಆಗ ಎಳೆತ ಇರಬಾರದು. ಬೆರಳನ್ನು ಎಳೆದರೆ ವಾಲ್ವು ಕೆಟ್ಟಿದೆ ಎಂಬ ಅನುಮಾನ ಬಲವಾಗುತ್ತದೆ. ಇದು ಮೇಸ್ತ್ರಿ ಮಾಡುವ ಕೆಲಸ, ಆದರೆ ಮಾಡಿದರೋ ಇಲ್ಲವೋ ಎಂದು ಕೇಳುವ ಹಕ್ಕು ಗಿರಾಕಿಗಿದೆ.

ಹೊಗೆ ಹೇಳುವ ಸತ್ಯ

ಇಷ್ಟಕ್ಕೂ ಸಿಗದಿದ್ದರೆ ಹೊಗೆ ಪರೀಕ್ಷೆ. ಯಂತ್ರವೊಂದು ಎಣ್ಣೆಯ ಹೊಗೆಯನ್ನು ಮೆಲ್ಲಗೆ ಪೈಪಿನೊಳಗೆ ಬಿಡುತ್ತದೆ. ತೂತಿರುವ ಜಾಗದಿಂದ ಹೊಗೆ ಎಳೆ ಎದ್ದು ಕಳ್ಳನನ್ನು ತೋರಿಸಿಕೊಡುತ್ತದೆ. ಒತ್ತಡ ಮಾತ್ರ 1 ಪೌಂಡಿಗಿಂತ ಕಡಿಮೆ ಇರಬೇಕು. ಕಾರಿನ ಟೈರಿಗೆ ತುಂಬುವುದು 30 ಪೌಂಡಿನ ಆಸುಪಾಸು ಎಂಬುದನ್ನು ನೆನೆಯಿರಿ. ಟೈರಿನ ಕಂಪ್ರೆಸರ್ ಗಾಳಿಯನ್ನೇ ಟ್ಯಾಂಕಿಗೆ ಬಿಟ್ಟು ನೋಡುವ ‘ಜಾಣತನ’ಕ್ಕೆ ಟ್ಯಾಂಕೇ ಒಡೆದೀತು. ಬೀಡಿ ಕಚ್ಚಿಕೊಂಡು ಟ್ಯಾಂಕು ಇಣುಕುವವರ ಬಗ್ಗೆ ಹೇಳುವುದೇ ಬೇಡ.

ಸ್ಕ್ಯಾನರ್ ಹಚ್ಚಿದರೆ ಎಲ್ಲ ಗೊತ್ತಾಗುತ್ತದಲ್ಲ ಎನ್ನುವವರಿದ್ದಾರೆ. ಅಮೆರಿಕದ ಕಾರುಗಳಲ್ಲಿ 1996ರಿಂದೀಚೆಗೆ ಕಂಪ್ಯೂಟರೇ ಸೋರಿಕೆ ಪರೀಕ್ಷಿಸುವ ಏರ್ಪಾಡು ಬಂತು. ಮೊದಲು 1 ಮಿಲಿಮೀಟರ್ ತೂತು, ಮುಂದೆ ಅರ್ಧ ಮಿಲಿಮೀಟರ್ ತೂತನ್ನೂ ಅದು ಪತ್ತೆ ಹಚ್ಚತೊಡಗಿತು. ಪಿ 0442 ಎಂದರೆ ಸಣ್ಣ ಸೋರಿಕೆ, ಪಿ 0455 ಎಂದರೆ ದೊಡ್ಡದು, ಪಿ 0457 ಬಂದರೆ ಮುಚ್ಚಳ ಸಡಿಲ ಎಂಬ ಸೂಚನೆ. ಆದರೆ ಸೋರುತ್ತಿದೆ ಎನ್ನುವುದಷ್ಟೇ ಕೋಡಿನ ಕೆಲಸ. ಯಾವ ಪೈಪಿನ ಯಾವ ತಿರುವಿನಲ್ಲಿ ಎಂದು ಅದು ಬೆರಳಿಟ್ಟು ತೋರಿಸದು. ನಮ್ಮ ಎಲ್ಲ ಗಾಡಿಗಳಲ್ಲೂ ಈ ಏರ್ಪಾಡು ಇಲ್ಲ. ಆದ್ದರಿಂದ ಇಂಜಿನ್ ಲೈಟು ಹತ್ತಿಲ್ಲ, ಸೋರಿಕೆಯೂ ಇಲ್ಲ ಎಂದು ನಂಬಿ ಕೂರುವಂತಿಲ್ಲ.

‘ಟಕ್’ ಅಂದರೆ ನಿಲ್ಲಿಸಿ

ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಪಾರ್ಕಿಂಗಿನಲ್ಲಿ ಸ್ಕೂಟರ್ ಬಿಟ್ಟು ಬಸ್ಸು ಹತ್ತುವವರಿಗೂ ಈ ಮಾತು ಸೇರಿದ್ದು. ಕಂಠಪೂರ್ತಿ ತುಂಬಿಸಿದ ಸ್ಕೂಟರ್ ಇಡೀ ದಿನ ಬಿಸಿಲಲ್ಲಿ ಕಾದರೆ ಪೆಟ್ರೋಲು ಉಬ್ಬಿ, ಆವಿಯ ಬದಲು ಪೆಟ್ರೋಲೇ ಡಬ್ಬಿಗೆ ನುಗ್ಗಬಹುದು. ಆವಿ ಹೀರಲೆಂದು ಇಟ್ಟ ಇದ್ದಿಲು ಪೆಟ್ರೋಲಿನಲ್ಲಿ ನೆಂದರೆ ಅದರ ಕಥೆ ಮುಗಿದಂತೆ.

ಅತ್ತ ಬಂಕಿನ ಹುಡುಗ ಗಾಡಿ ಅಲುಗಾಡಿಸಿ ‘ಇನ್ನೊಂಚೂರು ಹಿಡಿಯುತ್ತೆ ಅಣ್ಣ’ ಎನ್ನುತ್ತಾನೆ. ಇತ್ತ ಗಿರಾಕಿಗೆ ಪೆಟ್ರೋಲು ಕಣ್ಣಿಗೆ ಕಂಡರೇ ಸಮಾಧಾನ. ಇಬ್ಬರೂ ಸೇರಿ ಡಬ್ಬಿ ಕೆಡಿಸುತ್ತಾರೆ.

ಇದು ದುಡ್ಡಿನ ಮಾತಷ್ಟೇ ಅಲ್ಲ. ಪೆಟ್ರೋಲಿನಲ್ಲಿ ನೂರಕ್ಕೆ 1 ಪಾಲಿನವರೆಗೆ ಬೆಂಜೀನ್ ಇರಬಹುದು, ಅದು ಕ್ಯಾನ್ಸರ್ ತರುವಂಥದ್ದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಮೂಲೆ ಸೇರುತ್ತದೆ. ಅಂಗಡಿ ಹಿಂದಿನ ಗೋದಾಮಿನಲ್ಲೋ, ಮನೆ ಕೆಳಗಿನ ಶೆಡ್ಡಿನಲ್ಲೋ ರಾತ್ರಿಯಿಡೀ ಆವಿ ತುಂಬಿದ್ದು, ಬೆಳಿಗ್ಗೆ ಯಾರಾದರೂ ಕಡ್ಡಿ ಗೀರಿದರೆ?

ಮಂಡಿಪೇಟೆಯ ವರ್ತಕರು ಈಗ ‘ಟಕ್’ ಅಂದ ಕೂಡಲೇ “ಸಾಕಪ್ಪಾ, ತೆಗಿ” ಅನ್ನುತ್ತಾರೆ. ಚಿಲ್ಲರೆ ಚಿಂತೆಯೂ ಇಲ್ಲ, ಪೈಸೆ ಲೆಕ್ಕದವರೆಗೆ ಫೋನಿನಲ್ಲೇ ಕಳಿಸುತ್ತಾರೆ.

ಎಮಿಷನ್ ಕೇಂದ್ರಗಳಲ್ಲಿ ಸೈಲೆನ್ಸರಿನ ಜೊತೆಗೆ ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ಮಗುಚಿ ನೋಡಿದರೆ ಎಷ್ಟು ಹೊತ್ತಾದೀತು? ಬಂಕುಗಳಲ್ಲಿ ‘ಟಕ್ ಅಂದ ಮೇಲೆ ಹಾಕುವುದಿಲ್ಲ’ ಎಂಬ ಬೋರ್ಡಿಗೆ ಎಷ್ಟು ಖರ್ಚಾದೀತು? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?