ಉಕ್ಕಿ ಬರುವ ಕಡಲು

ಗದಗ ಸೀಮೆಯ ಹರ್ತಿಯಂಥ ಊರುಗಳಲ್ಲಿ ಬೆಳೆದವರು ನೀರಿಗಾಗಿ ಆಕಾಶವನ್ನು ನೋಡುತ್ತಾರೆ. ನೀರು ದಿನಕ್ಕೆರಡು ಬಾರಿ ತಾನಾಗಿ ಮನೆಯಂಗಳದ ಸಮೀಪಕ್ಕೆ ಬಂದು ಹಿಂದಿರುಗುವ ನಾಡೂ ಉಂಟೆಂದರೆ ಅವರಿಗೆ ಸೋಜಿಗವೆನಿಸೀತು. ಅದನ್ನು ಕಾಣಬಯಸುವವರು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಮಾರ್ಗವಾಗಿ ಕುಮಟಾ ತಾಲ್ಲೂಕಿನ ತದಡಿಗೆ ಹೋಗಬೇಕು. ಅಘನಾಶಿನಿ ನದಿ ಸಮುದ್ರವನ್ನು ಕೂಡುವುದು ಅಲ್ಲಿಯೇ.

ಹೊರಡುವ ಮುನ್ನ ಪಂಚಾಂಗವನ್ನು ನೋಡಿರಿ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿಗಳು ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಹೆಚ್ಚುತ್ತದೆ. ಭೂಮಿಯಿಂದ ಸುಮಾರು 4,06,000 ಕಿಲೋಮೀಟರು ದೂರ ಸರಿಯುವ ಚಂದ್ರನು ಸುಮಾರು 3,57,000 ಕಿಲೋಮೀಟರಿನಷ್ಟು ಸಮೀಪಕ್ಕೂ ಬರುತ್ತಾನೆ. ಈ ಸಾಮೀಪ್ಯವು ಹುಣ್ಣಿಮೆ, ಅಮಾವಾಸ್ಯೆಗಳೊಡನೆ ಕೂಡಿದಾಗ ಉಬ್ಬರ ವಾಡಿಕೆಯ ಎಲ್ಲೆಯನ್ನು ಮೀರುತ್ತದೆ. ಮಳೆಗಾಲದ ಗಾಳಿಯೂ ಜೊತೆಗೂಡಿದರೆ ಹೇಳತೀರದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಇಂದು ಬೆಳಿಗ್ಗೆ ಹತ್ತಕ್ಕೆ ತುಂಬಿದ ನೀರು ನಾಳೆ ಹನ್ನೊಂದರ ಸುಮಾರಿಗೆ ತುಂಬುತ್ತದೆ.

ಸಮುದ್ರದಂಡೆಯಲ್ಲಿ ನಿಂತವರು ಅಲೆಗಳ ಆರ್ಭಟವನ್ನಷ್ಟೇ ಕಾಣುತ್ತಾರೆ. ನಿಜವಾದ ನೋಟವಿರುವುದು ಅಳಿವೆಯ ಒಳಗೆ. ಹೊಳೆಯೇ ಹಿಂದಕ್ಕೆ ಹರಿಯತೊಡಗುತ್ತದೆ. ಕೆಸರಿನಲ್ಲಿ ಬೆಳಚು ಹೆಕ್ಕುತ್ತಿದ್ದವರು ದಡ ಸೇರುತ್ತಾರೆ. ಕಾಂಡ್ಲಾ ಗಿಡಗಳ ಬುಡಗಳು ಮುಳುಗಿ, ಹಸಿರು ತಲೆಗಳು ಮಾತ್ರ ಉಳಿಯುತ್ತವೆ.

ಇದೇ ನೀರು ಸಾಣಿಕಟ್ಟೆಯ ಉಪ್ಪಿನಾಗರಗಳಿಗೆ ಬಂಡವಾಳ. ಬೇಸಗೆಯಲ್ಲಿ ಅದನ್ನು ಒಳಗೆ ತುಂಬಿಸಿ, ಪಾತಿಗಳಿಗೆ ಹರಿಸಿ, ಬಿಸಿಲಿಗೆ ಬತ್ತಿಸಿದರೆ ಉಪ್ಪು ಹರಳುಗಟ್ಟುತ್ತದೆ. ಗಜನಿ ಗದ್ದೆಗಳ ಮಾತು ಬೇರೆ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನೂ ಕೆಲಕಾಲದ ಮುಳುಗಡೆಯನ್ನೂ ತಾಳಬಲ್ಲ ತಳಿಯದು. ಆದರೂ ಆ ತಾಳ್ಮೆಗೆ ಮಿತಿಯುಂಟು. ದೊಡ್ಡ ಉಬ್ಬರದ ರಾತ್ರಿ ಕಟ್ಟೆಯೊಡೆದರೆ ವರ್ಷದ ಅನ್ನಕ್ಕೇ ಸಂಚಕಾರ. ಕಟ್ಟೆಯಲ್ಲಿ ಏಡಿ ಕೊರೆದ ಸಣ್ಣ ಬಿಲವನ್ನು ಒಬ್ಬನು ಅಲಕ್ಷಿಸಿದರೆ ಕೇಡು ಬಯಲಿನ ಎಲ್ಲರಿಗೂ ತಟ್ಟುತ್ತದೆ. ಆದಕಾರಣ ಕಟ್ಟೆಯನ್ನು ಕಾಯುವುದು ಯಾರೊಬ್ಬರ ಕೆಲಸವೂ ಅಲ್ಲ. ಕೊಯ್ಲು ಮುಗಿದ ಬಳಿಕ ಅದೇ ಜನರು ತೂಬನ್ನು ತೆರೆದು ಕಡಲನ್ನು ಬರಮಾಡಿಕೊಳ್ಳುತ್ತಾರೆ. ಆಗ ನೀರಿನೊಡನೆ ಸಿಗಡಿ, ಮೀನುಗಳು ಗದ್ದೆಗೆ ಬರುತ್ತವೆ.

2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶವು ಜಗತ್ತಿನ ಮಹತ್ತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಯನ್ನು ಸೇರಿತು. ಮನ್ನಣೆ ಸಂತೋಷದ ವಿಷಯವೇ. ಆದರೆ ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಇಂದಿನ ಅಪರೂಪದ ಉಬ್ಬರ ಮುಂದೆ ವಾಡಿಕೆಯಾದೀತು. ನೋಡಹೋಗುವವರು ಗಜನಿಯ ಕಟ್ಟೆಯ ಮೇಲೆ ಮೆಲ್ಲನೆ ಹೆಜ್ಜೆಯಿಡಲಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಊರಿನ ಊಟ; ನಡುವೆ ಇರುವುದು ಆ ಮಣ್ಣು ಮಾತ್ರ.