ಗುಂಡಿ ಒತ್ತುವ ಮುನ್ನ ಮನದಲ್ಲೊಂದು ಲೆಕ್ಕ

ಸೈನ್ 30 ಡಿಗ್ರಿ ಎಷ್ಟು? ಹೈಸ್ಕೂಲು ವಿದ್ಯಾರ್ಥಿಯೂ ಥಟ್ಟನೆ ಅರ್ಧ ಎನ್ನುತ್ತಾನೆ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಕೈಲಿರುವ ಕ್ಯಾಲ್ಕುಲೇಟರ್ ಒಮ್ಮೊಮ್ಮೆ −0.988 ಎಂದು ತೋರಿಸುವುದುಂಟು. ಯಂತ್ರ ಕೆಟ್ಟಿರುವುದಿಲ್ಲ, ಅದು ಡಿಗ್ರಿಯ ಬದಲು ರೇಡಿಯನ್ ಲೆಕ್ಕದಲ್ಲಿರುತ್ತದೆ, ಅಷ್ಟೆ. ಗಾಬರಿಯಲ್ಲಿ ಅದನ್ನೇ ಬರೆದವನ ಅಂಕ ಮಾತ್ರ ಹೋಗುತ್ತದೆ.

1970ರ ದಶಕದವರೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಲಾಗರಿದಮ್ ಕೋಷ್ಟಕ ಮತ್ತು ಸ್ಲೈಡ್ ರೂಲ್ ಆಸರೆಯಾಗಿದ್ದವು. ಸ್ಲೈಡ್ ರೂಲ್ ಅಂಕಿಗಳನ್ನು ಕೊಡುತ್ತಿತ್ತೇ ಹೊರತು ದಶಮಾಂಶ ಬಿಂದುವನ್ನಲ್ಲ. 2.4, 24, 240 ಮೂರಕ್ಕೂ ಅದರಲ್ಲಿ ಒಂದೇ ಗೆರೆ. ಬಿಂದು ಎಲ್ಲಿಡಬೇಕೆಂಬುದನ್ನು ತಲೆಯಲ್ಲೇ ಅಂದಾಜು ಮಾಡಬೇಕಿತ್ತು. 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿ ಎಚ್‌ಪಿ-35 ಎಂಬ ಅಂಗೈಯಗಲದ ವೈಜ್ಞಾನಿಕ ಕ್ಯಾಲ್ಕುಲೇಟರನ್ನು 395 ಡಾಲರಿಗೆ ಮಾರಾಟಕ್ಕಿಟ್ಟಿತು. 1985ರಲ್ಲಿ ಕ್ಯಾಸಿಯೊ ಕಂಪೆನಿಯ ಯಂತ್ರ ನಕ್ಷೆಯನ್ನೂ ಬರೆಯಿತು. ಬಿಂದುವಿಡುವ ಕೆಲಸ ಯಂತ್ರದ ಪಾಲಾಯಿತು. ಅದರೊಂದಿಗೆ ಅಂದಾಜಿನ ಅಭ್ಯಾಸವೂ ಸಡಿಲಗೊಂಡಿತು.

ಯಂತ್ರ ಹೇಳಿದ್ದನ್ನು ಮಾಡುತ್ತದೆ, ಮನಸ್ಸಿನಲ್ಲಿದ್ದುದನ್ನಲ್ಲ. 12ನ್ನು 2 ಮತ್ತು 4ರ ಮೊತ್ತದಿಂದ ಭಾಗಿಸಿದರೆ ಉತ್ತರ 2. ಆವರಣ ಚಿಹ್ನೆ ಮರೆತರೆ ಅದು ಮೊದಲು 12ನ್ನು 2ರಿಂದ ಭಾಗಿಸಿ, 4 ಕೂಡಿಸಿ 10 ಎನ್ನುತ್ತದೆ. ನಡುವಿನ ಉತ್ತರವನ್ನು ಎರಡೇ ದಶಮಾಂಶಕ್ಕೆ ಮೊಟಕುಗೊಳಿಸಿ ಮತ್ತೆ ಒತ್ತಿದರೆ ಕೊನೆಯ ಅಂಕಿಗಳು ತಪ್ಪಬಹುದು; ಅದನ್ನು ಮೆಮೊರಿಯಲ್ಲಿಡುವುದು ಕ್ಷೇಮ. ನಕ್ಷೆಯ ಯಂತ್ರದಲ್ಲಿ ಎರಡೂ ಅಕ್ಷಗಳು −10ರಿಂದ 10ರವರೆಗಷ್ಟೇ ಇದ್ದರೆ, x² − 100ರ ವಕ್ರರೇಖೆ ಪರದೆಯ ಅಂಚಿನಲ್ಲಿ ಎರಡು ಗೀಟುಗಳಾಗಿ ಕಾಣುತ್ತದೆ. −100ರಲ್ಲಿರುವ ಅದರ ತಳ ಕಾಣುವುದೇ ಇಲ್ಲ.

ಪರೀಕ್ಷೆಗಳ ನಿಯಮವೂ ಒಂದೇ ತೆರನಲ್ಲ. ಅಮೆರಿಕದ ಸ್ಯಾಟ್ ಪರೀಕ್ಷೆ 1994ರಲ್ಲಿ ಕ್ಯಾಲ್ಕುಲೇಟರಿಗೆ ಬಾಗಿಲು ತೆರೆಯಿತು. ನಮ್ಮಲ್ಲಿ ಜೆಇಇ ಮೇನ್ ಬರೆಯುವವರು ಅದನ್ನು ಒಯ್ಯುವಂತಿಲ್ಲ. ಗೇಟ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಒಂದನ್ನು ಒದಗಿಸುತ್ತಾರೆ. ಮೌಸ್‌ನಿಂದ ಒತ್ತುವುದು ನಿಧಾನವಾದ್ದರಿಂದ ಮೊದಲೇ ರೂಢಿ ಮಾಡಿಕೊಳ್ಳಬೇಕು. ಸ್ವಂತ ಯಂತ್ರ ಒಯ್ಯಬಹುದಾದ ಪರೀಕ್ಷೆಗೆ ಅಭ್ಯಾಸ ಮಾಡಿದ ಯಂತ್ರವನ್ನೇ ಒಯ್ಯುವುದು ಮೇಲು. ಹೊಸದರಲ್ಲಿ ಗುಂಡಿ ಹುಡುಕುತ್ತಾ ಕೂತರೆ ಗಡಿಯಾರ ಕಾಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಹಳೆಯವರ ಅಂದಾಜು. 48.7ನ್ನು 20.6ರಿಂದ ಗುಣಿಸುವ ಮುನ್ನ ಐವತ್ತು ಇಪ್ಪತ್ತಲೆ ಸಾವಿರ ಎಂದುಕೊಂಡವನಿಗೆ 1003.22 ಎಂಬ ಉತ್ತರ ಒಪ್ಪಿಗೆಯಾಗುತ್ತದೆ. ಪರದೆಯಲ್ಲಿ 10032.2 ಬಂದರೆ ಬಿಂದು ಒತ್ತುವಾಗ ಕೈ ತಪ್ಪಿದೆಯೆಂದು ಕೂಡಲೇ ತಿಳಿಯುತ್ತದೆ. ಅಂದಾಜಿಲ್ಲದವನಿಗೆ ಎರಡೂ ಉತ್ತರಗಳು ಒಂದೇ.