ಎಳೆದರೆ ಸಾಲದು, ನಿಲ್ಲಲೂ ಬೇಕು

ನಮ್ಮ ಮನೆಯ ಅಂಗಳದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ದೊಡ್ಡ ಗಾಡಿ ಇತ್ತು. ಕಂಪೆನಿಯವರು ಇಟ್ಟ ಹೆಸರು ಏನೇ ಇರಲಿ, ಮಲೆನಾಡಿನ ರೂಢಿಯಂತೆ ನಾವು ಅದನ್ನು ಕರೆದದ್ದು ಜೀಪು ಎಂದೇ. ತೀರ್ಥಹಳ್ಳಿ ಸೀಮೆಯ ನಮ್ಮ ಹಳ್ಳಿಗೆ ಅಪ್ಪಯ್ಯ ಅದನ್ನು ತಂದದ್ದು 2001ರಲ್ಲಿ. ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಎದುರುಬದುರಾಗಿ ನಾಲ್ವರು. ಮಕ್ಕಳು ಈ ಲೆಕ್ಕಕ್ಕೆ ಸೇರಿದವರಲ್ಲ! ಮದುವೆಗೆ, ತೇರಿಗೆ, ಪರೀಕ್ಷೆಯ ದಿನ ಮಕ್ಕಳನ್ನು ಶಾಲೆಗೆ ಬಿಡಲು ಎಲ್ಲಕ್ಕೂ ಅದೇ. ಹಿಂದೆ ಕೊಂಡಿ ಬೆಸೆಸಿ ಟ್ರೇಲರ್ ಕಟ್ಟಿದರೆ ಅಡಿಕೆ ಮೂಟೆ, ಗೊಬ್ಬರ, ಪಂಪುಸೆಟ್ಟು ಎಲ್ಲವನ್ನೂ ಎಳೆಯುತ್ತಿತ್ತು. ಒಂದು ಮಳೆಗಾಲದ ನಡುರಾತ್ರಿ ಎದೆನೋವಿನಿಂದ ಒದ್ದಾಡುತ್ತಿದ್ದ ಅಪ್ಪಯ್ಯನನ್ನು ಆಸ್ಪತ್ರೆ ಮುಟ್ಟಿಸಿದ್ದೂ ಅದೇ. ಆಮೇಲೆ ಅವರು ಒಂಬತ್ತು ವರ್ಷ ಬದುಕಿದರು. ಹೀಗಾಗಿ ಅದನ್ನು ಬದಲಿಸುವ ಮಾತೆತ್ತಿದರೆ ಅಣ್ಣಯ್ಯನಿಗೆ ಸಿಟ್ಟು ಬರುತ್ತಿತ್ತು.

2022ರ ಡಿಸೆಂಬರಿನ ಒಂದು ಸಂಜೆ ಅಣ್ಣಯ್ಯ ಪೇಟೆಯಿಂದ ಟ್ರೇಲರ್ ತುಂಬ ಕುರಿಗೊಬ್ಬರ ಹೇರಿಕೊಂಡು, ಶಾಲೆ ಬಿಟ್ಟ ಮಕ್ಕಳನ್ನೂ ಊರಿನ ಕೆಲವರನ್ನೂ ಹತ್ತಿಸಿಕೊಂಡು ಬರುತ್ತಿದ್ದರು. ಮುಖ್ಯ ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ಇಳಿಜಾರು. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕ್ ಪೆಡಲ್ ಒತ್ತಿದರೆ ಅದು ಹಿಟ್ಟಿನ ಮುದ್ದೆಯಂತೆ ಮೆತ್ತಗೆ ಕೆಳಗಿಳಿಯಿತು. ಅಣ್ಣಯ್ಯ ಹಳೆಯ ಕೈ. ಗೇರನ್ನು ಒಂದಕ್ಕೆ ತಂದು, ಗಾಡಿಯನ್ನು ಎಡಗಡೆಯ ದರೆಗೆ ಒರಗಿಸಿ ನಿಲ್ಲಿಸಿದರು. ಟ್ರೇಲರ್ ಅಡ್ಡ ತಿರುಗಿ ಚರಂಡಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬಲಗಡೆ ಇದ್ದದ್ದು ಮೂವತ್ತು ಅಡಿ ಆಳದ ಕಂದಕ.

"ಇಪ್ಪತ್ತು ವರ್ಷದಲ್ಲಿ ಒಂದ್ಸಲ ಆಗಿದ್ದಕ್ಕೆ ಇಷ್ಟು ಗಲಾಟೆ ಎಂತಕ್ಕೆ ಮಾರಾಯ? ಬ್ರೇಕ್ ಆಯಿಲ್ ಬದಲಿಸಿದ್ರೆ ಆಯ್ತಪ್ಪ" ಎಂದರು ಅಣ್ಣಯ್ಯ. ಹತ್ತನೆಯ ತರಗತಿಯಲ್ಲಿದ್ದ ಅವರ ಮಗಳು ಮಾತ್ರ ನನ್ನ ಹತ್ತಿರ ಬಂದು, "ಚಿಕ್ಕಪ್ಪ, ಅಷ್ಟು ಭಾರ ಎಳೆಯೋ ಗಾಡಿಗೆ ಅದನ್ನ ನಿಲ್ಲಿಸೋಕೆ ಯಾಕಾಗಲ್ಲ?" ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಮಾಡಿದ ನಾನು ನನ್ನ ಮನೆಯ ಗಾಡಿಗೆ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಅಂದು ರಾತ್ರಿ ಇಬ್ಬರೂ ಕಾಗದ ಪೆನ್ಸಿಲ್ ಹಿಡಿದು ಕುಳಿತೆವು.

ಬ್ರೇಕಿನ ಕೆಲಸ ಶಾಖ ಹೊರುವುದು

ಗಾಡಿ ಮತ್ತು ಅದರಲ್ಲಿದ್ದ ಜನರ ತೂಕ ಸುಮಾರು 2,200 ಕಿಲೋ. ಟ್ರೇಲರ್ ಮತ್ತು ಗೊಬ್ಬರ 1,000 ಕಿಲೋ. ಒಟ್ಟು 3,200. ಚಲನ ಶಕ್ತಿಯ ಸೂತ್ರ ನಿಮಗೆ ಗೊತ್ತೇ ಇದೆ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11.1 ಮೀಟರ್. ಲೆಕ್ಕ ಹಾಕಿದರೆ ಸುಮಾರು 2 ಲಕ್ಷ ಜೂಲ್. ವೇಗ 60ಕ್ಕೆ ಏರಿದರೆ ಅದು 4.4 ಲಕ್ಷ ಜೂಲ್. ವೇಗ ಒಂದೂವರೆ ಪಟ್ಟಾದರೆ ಶಕ್ತಿ ಎರಡೂಕಾಲು ಪಟ್ಟು! ಗಾಡಿಯನ್ನು ನಿಲ್ಲಿಸಲು ಬ್ರೇಕು ಇಷ್ಟನ್ನೂ ಶಾಖವಾಗಿ ಮಾರ್ಪಡಿಸಬೇಕು.

ಇದು ಸಮತಟ್ಟಾದ ರಸ್ತೆಯ ಮಾತು. ಇಳಿಜಾರಿನ ಲೆಕ್ಕ ನೋಡಿ. ನಮ್ಮ ದಾರಿ ಒಟ್ಟು 100 ಮೀಟರ್ ಇಳಿಯುತ್ತದೆ. 3,200 ಕಿಲೋ ತೂಕ 100 ಮೀಟರ್ ಇಳಿದಾಗ ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ 31 ಲಕ್ಷ ಜೂಲಿಗೂ ಹೆಚ್ಚು. ಅಂದರೆ 40 ಕಿ.ಮೀ. ವೇಗದಿಂದ ಹದಿನೈದು ಸಲ ಒಂದರ ಹಿಂದೊಂದು ನಿಲ್ಲಿಸಿದಷ್ಟು. ಇಷ್ಟು ಶಾಖದಲ್ಲಿ 10 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಬಚ್ಚಲೊಲೆಗೆ ಸೌದೆ ಹಾಕಿ ಮಾಡುವ ಕೆಲಸವನ್ನು ಅಂಗೈ ಅಗಲದ ಬ್ರೇಕ್ ಪಟ್ಟಿಗಳು ಕೆಲವೇ ನಿಮಿಷಗಳಲ್ಲಿ ಮಾಡಬೇಕು. ಅದರಲ್ಲಿ ಒಂದು ಪಾಲು ಟ್ರೇಲರಿನದು, ಆದರೆ ನಮ್ಮ ಟ್ರೇಲರಿಗೆ ಸ್ವಂತ ಬ್ರೇಕೇ ಇರಲಿಲ್ಲ. ಯುರೋಪಿನಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ತನ್ನದೇ ಬ್ರೇಕ್ ಕಡ್ಡಾಯವಾಗಿರುವುದು ಇದೇ ಕಾರಣಕ್ಕೆ.

ಎಂಜಿನ್ನು ಎಳೆಯುವಾಗ ನಿಧಾನವಾಗಿ, ಚಿಕ್ಕ ಗೇರಿನಲ್ಲಿ, ಎಷ್ಟು ಹೊತ್ತಾದರೂ ತೆಗೆದುಕೊಂಡು ಏರಬಹುದು. ಬ್ರೇಕಿಗೆ ಆ ಅನುಕೂಲವಿಲ್ಲ. ಅದಕ್ಕೇ ಹಳಬರು ಹೇಳುವುದು, ಏರುವ ಗೇರಿನಲ್ಲೇ ಇಳಿಯಬೇಕು ಎಂದು. ಆಗ ಎಂಜಿನ್ನೇ ಗಾಡಿಯನ್ನು ತಡೆದು ಬ್ರೇಕಿನ ಹೊರೆ ಇಳಿಸುತ್ತದೆ.

ಪೆಡಲ್ ಮೆತ್ತಗಾದದ್ದೇಕೆ? ಪ್ಯಾಸ್ಕಲ್ ನಿಯಮ ನೆನಪಿಸಿಕೊಳ್ಳಿ. ದ್ರವ ಕುಗ್ಗುವುದಿಲ್ಲವಾದ್ದರಿಂದ ಕಾಲಿನ ಒತ್ತಡ ನಾಲ್ಕೂ ಚಕ್ರಕ್ಕೆ ತಲುಪುತ್ತದೆ. ಆದರೆ ಬ್ರೇಕ್ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ಸಾಮಾನ್ಯ ಡಾಟ್-3 ದ್ರವ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ನಾಲ್ಕು ವರ್ಷ ಬದಲಿಸದೆ ಬಿಟ್ಟ ನಮ್ಮ ದ್ರವ ಆ ಸಂಜೆ ಕುದಿದು ಆವಿಯ ಗುಳ್ಳೆಗಳಾಗಿತ್ತು. ಆವಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಗುಳ್ಳೆ ಅಮುಕುವುದರಲ್ಲೇ ಮುಗಿಯಿತು.

ಕೊಂಡಿಯೂ ಒಂದು ಸನ್ನೆಯೇ

ಅಣ್ಣಯ್ಯನ ಮಗಳ ಎರಡನೆಯ ಪ್ರಶ್ನೆ: ಟ್ರೇಲರ್ ಕಟ್ಟಿದಾಗ ಸ್ಟೀರಿಂಗ್ ಯಾಕೆ ಹಗುರಾಗುತ್ತದೆ?

ಕೊಂಡಿ ಇರುವುದು ಹಿಂದಿನ ಚಕ್ರಗಳಿಂದ ಇನ್ನೂ ಹಿಂದಕ್ಕೆ. ಹಿಂದಿನ ಅಚ್ಚನ್ನು ಆಧಾರ ಬಿಂದು ಎಂದುಕೊಂಡರೆ ಗಾಡಿ ಮಕ್ಕಳ ಏರುಪೇರು ಹಲಗೆಯಂತೆ. ಎರಡು ಅಚ್ಚುಗಳ ನಡುವಿನ ದೂರ 2.4 ಮೀಟರ್, ಕೊಂಡಿ 1.2 ಮೀಟರ್ ಹಿಂದೆ ಇದೆ ಎನ್ನಿ. ಕೊಂಡಿಯ ಮೇಲೆ 100 ಕಿಲೋ ಭಾರ ಬಿದ್ದರೆ ಮುಂದಿನ ಚಕ್ರಗಳ ಮೇಲಿನ ಭಾರ 50 ಕಿಲೋ ಕಡಿಮೆಯಾಗುತ್ತದೆ. ಹಿಂದಿನ ಚಕ್ರಗಳ ಮೇಲೆ 150 ಕಿಲೋ ಹೆಚ್ಚುತ್ತದೆ. ಗಾಡಿಯನ್ನು ತಿರುಗಿಸುವ ಚಕ್ರಗಳೇ ನೆಲದ ಹಿಡಿತ ಕಳೆದುಕೊಳ್ಳುತ್ತವೆ.

ಹಾಗೆಂದು ಭಾರವನ್ನೆಲ್ಲ ಟ್ರೇಲರಿನ ಹಿಂಭಾಗಕ್ಕೆ ಹೇರಿದರೆ ಅದು ನಾಯಿಯ ಬಾಲದಂತೆ ಅತ್ತಿತ್ತ ಹೊಯ್ದಾಡಿ ಗಾಡಿಯನ್ನೇ ಎಳೆದಾಡುತ್ತದೆ. ತುಂಬಿದ ಟ್ರೇಲರಿನ ಹತ್ತನೆಯ ಒಂದು ಪಾಲಿನಷ್ಟು ಭಾರ ಕೊಂಡಿಯ ಮೇಲಿರಬೇಕು ಎಂಬುದು ಬಲ್ಲವರ ಲೆಕ್ಕ. ನಾವು ಇದನ್ನು ಒಮ್ಮೆಯೂ ತೂಗಿ ನೋಡಿದವರಲ್ಲ.

ಮೆಕ್ಯಾನಿಕ್ ತೋರಿಸಿದ ಸತ್ಯ

ಮರುದಿನ ಪೇಟೆಯ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ, ಕೊಂಡಿ ಬೆಸೆದ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಒಳಗೇ ಹೋಯಿತು. "ಮೇಷ್ಟ್ರೇ, ಎಂಜಿನ್ ಇನ್ನೂ ಹತ್ತು ವರ್ಷ ಬರುತ್ತೆ. ಆದ್ರೆ ಅದನ್ನ ಹೊರೋಕೆ ಕೆಳಗೆ ಚಾಸಿಸ್ ಬೇಕಲ್ಲ?" ಎಂದ.

ಬೆಸುಗೆ ಹಾಕಿದಲ್ಲಿ ಬಣ್ಣ ಸುಟ್ಟು ಕಬ್ಬಿಣ ಬಯಲಾಗಿತ್ತು. ಅಲ್ಲಿ ಮೆತ್ತಿದ ಕೆಸರು ಮಳೆಗಾಲವಿಡೀ ತೇವ ಹಿಡಿದಿತ್ತು. ಗೊಬ್ಬರದ ಲವಣಾಂಶ ತುಕ್ಕನ್ನು ಇನ್ನಷ್ಟು ಬೇಗ ಹಬ್ಬಿಸಿತ್ತು. ತುಕ್ಕಿನ ಪಾಠವನ್ನು ನಾನು ಪ್ರತಿ ವರ್ಷ ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ತೋರಿಸುತ್ತೇನೆ. ನಾಲ್ಕನೆಯ ಪ್ರನಾಳ ಮನೆಯ ಅಂಗಳದಲ್ಲೇ ಇತ್ತು!

ಅಣ್ಣಯ್ಯ ಕೊನೆಯ ವಾದ ಮುಂದಿಟ್ಟರು. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬಹುದು. ನಮ್ಮದು 2016ರಲ್ಲಿ ಒಮ್ಮೆ, 2021ರಲ್ಲಿ ಒಮ್ಮೆ ಆಗಿತ್ತು. "2026ರ ತನಕ ಓಡಿಸಿ ಅಂತ ಸರ್ಕಾರವೇ ಹೇಳಿದೆ" ಎಂದರು. ನಿಜ. ಆದರೆ ತಪಾಸಣೆಯ ಕಾಗದ ಹೇಳುವುದು ಆ ದಿನದ ಆರೋಗ್ಯವನ್ನು. ನಡುವೆ ಐದು ಮಳೆಗಾಲಗಳಿರುತ್ತವೆ. ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ಮೇಷ್ಟ್ರ ಮನೆಯ ಟ್ರೇಲರಿಗೆ ಅದು ಇರಲಿಲ್ಲ.

ಡೈರಿ ಹೇಳಿದ ಉತ್ತರ

ಇಂಥದೇ ಇನ್ನೊಂದು ದೊಡ್ಡ ಗಾಡಿ ಕೊಳ್ಳುವುದು ಸುಲಭದ ಉತ್ತರವಾಗಿತ್ತು. ಅದರ ಬದಲು ಅತ್ತಿಗೆ ಅಡುಗೆಮನೆಯ ಕ್ಯಾಲೆಂಡರ್ ತೆಗೆದರು. ಹಾಲಿನ ಲೆಕ್ಕದ ಜತೆಗೆ ಯಾರು ಎಲ್ಲಿಗೆ ಹೋದರು ಎಂಬುದನ್ನೂ ಗುರುತು ಹಾಕುವುದು ಅವರ ಅಭ್ಯಾಸ. 2022ರಲ್ಲಿ ಟ್ರೇಲರ್ ಎಳೆದದ್ದು 19 ದಿನ. ಏಳಕ್ಕಿಂತ ಹೆಚ್ಚು ಜನ ಹೋದದ್ದು 8 ದಿನ. ಉಳಿದ ದಿನಗಳಲ್ಲಿ ಗಾಡಿಯಲ್ಲಿದ್ದವರು ಹೆಚ್ಚೆಂದರೆ ನಾಲ್ವರು. ತಿಂಗಳಿಗೆ ಎರಡು ದಿನವೂ ಇಲ್ಲದ ಕೆಲಸಕ್ಕಾಗಿ ವರ್ಷವಿಡೀ ಭಾರದ ಗಾಡಿಗೆ ಡೀಸೆಲ್ ಹಾಕುತ್ತಿದ್ದೆವು!

ಹೀಗಾಗಿ ಎರಡು ಕೆಲಸಗಳನ್ನು ಬೇರ್ಪಡಿಸಿದೆವು. ಗೊಬ್ಬರಕ್ಕೂ ಅಡಿಕೆಗೂ ಬಾಡಿಗೆಯ ಪಿಕಪ್ ಗಾಡಿ. ಮನೆಮಂದಿಗೆ ಏಳು ಸೀಟಿನ, ಎಲ್ಲರೂ ಮುಂದಕ್ಕೆ ಮುಖ ಮಾಡಿ ಕೂರುವ, ಪ್ರತಿ ಸೀಟಿಗೂ ಬೆಲ್ಟ್ ಇರುವ ಸಾಧಾರಣ ಗಾಡಿ. ಹಳೆಯ ಗಾಡಿಯ ಹಿಂದಿನ ಅಡ್ಡಸೀಟಿಗೆ ಬೆಲ್ಟ್ ಇರಲಿಲ್ಲ, ಮಕ್ಕಳು ಕೂರುತ್ತಿದ್ದದ್ದು ಅಲ್ಲೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಬ್ರೇಕ್ ಜೋರಾಗಿ ಒತ್ತಿದರೂ ಚಕ್ರ ಸ್ತಬ್ಧವಾಗಿ ಜಾರದಂತೆ ತಡೆಯುವ ಏರ್ಪಾಡು ಅದು. ಮುಂದಿನ ಎರಡು ಸೀಟುಗಳಿಗೆ ಗಾಳಿಚೀಲವೂ ಈಗ ಕಡ್ಡಾಯ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗಾಡಿಗಳನ್ನು ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರಗಳ ಅಂಕ ಕೊಡುತ್ತಾರೆ. ಕೊಳ್ಳುವ ಮುನ್ನ ಅದನ್ನೂ ನೋಡಬಹುದು.

ಟ್ರೇಲರ್ ಎಳೆಯಲೇಬೇಕಾದ ಮನೆಯವರಿಗೆ ಒಂದು ಮಾತು. ಇಂದು ದೊಡ್ಡದಾಗಿ ಕಾಣುವ ಎಲ್ಲ ಗಾಡಿಗಳೂ ಎಳೆಯಲೆಂದು ಮಾಡಿದವಲ್ಲ. ಅನೇಕವುಗಳಿಗೆ ಲಾರಿಯಂಥ ಪ್ರತ್ಯೇಕ ಚಾಸಿಸ್ ಇಲ್ಲ, ಮೈಯೇ ಚಾಸಿಸ್. ಹಲವು ಗಾಡಿಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಮಾತ್ರ. ಟ್ರೇಲರ್ ಕಟ್ಟಿದಾಗ ಹಗುರಾಗುವುದು ಅವೇ ಚಕ್ರಗಳು ಎಂಬುದನ್ನು ಆಗಲೇ ನೋಡಿದೆವಲ್ಲ. ಗಾಡಿಯ ಕೈಪಿಡಿಯಲ್ಲಿ ಎಳೆಯುವ ಮಿತಿ ಬರೆದಿಲ್ಲವಾದರೆ ಎಳೆಯಬಾರದು ಎಂದೇ ತಿಳಿಯುವುದು ಕ್ಷೇಮ.

ಹಳೆಯ ಗಾಡಿಯನ್ನು ಮಾರಬಹುದಿತ್ತು, ಕೇಳಿದವರೂ ಇದ್ದರು. ಆದರೆ ತುಕ್ಕು ಹಿಡಿದ ಚಾಸಿಸ್ಸಿನ ಮೇಲೆ ಬೇರೆಯವರ ಮಕ್ಕಳು ಕೂರುವುದು ನಮಗೆ ಬೇಡವಾಯಿತು. 2023ರಲ್ಲಿ ಅದನ್ನು ಸರ್ಕಾರದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಒಪ್ಪಿಸಿದೆವು. ಅಲ್ಲಿ ಕೊಡುವ ಪ್ರಮಾಣಪತ್ರದ ಮೇಲೆ ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರದ 2021ರ ನಿಯಮದಲ್ಲಿ ಅವಕಾಶವಿದೆ. ಎಷ್ಟು ಕೊಡಬೇಕೆಂಬುದು ರಾಜ್ಯಗಳಿಗೆ ಬಿಟ್ಟದ್ದು.

ಕೊಂಡೊಯ್ಯುವ ದಿನ ಅಣ್ಣಯ್ಯ ಬೆಳಿಗ್ಗೆಯೇ ಎದ್ದು ಗಾಡಿ ತೊಳೆದರು. "ಗುಜರಿಗೆ ಹೋಗೋದನ್ನ ತೊಳೀತೀರಲ್ಲ" ಎಂದು ಅತ್ತಿಗೆ ನಕ್ಕರೂ ಅವರು ಮಾತಾಡಲಿಲ್ಲ. ಸಂಜೆ ಜಗಲಿಯಲ್ಲಿ ಕುಳಿತು, "ಆ ರಾತ್ರಿ ಅಪ್ಪಯ್ಯನನ್ನ ಮುಟ್ಟಿಸ್ತಲ್ಲ, ಅಷ್ಟು ಸಾಕು. ಅದರ ಹೆಸರು ಕೆಡೋ ತನಕ ಓಡಿಸಬಾರ್ದು" ಎಂದರು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಳೆಯ ಗಾಡಿ ಇರಬಹುದು. ಅದರ ತೂಕ, ಹೇರುವ ಭಾರ, ನಿಮ್ಮ ದಾರಿಯ ಇಳಿತ ಇವಿಷ್ಟನ್ನು ಕೇಳಿ ತಿಳಿದು ಮೇಲಿನ ಲೆಕ್ಕವನ್ನು ಒಮ್ಮೆ ಮಾಡಿ. ಬ್ರೇಕ್ ದ್ರವ ಬದಲಿಸಿ ಎರಡು ವರ್ಷವಾಯಿತೇ ಎಂದು ವಿಚಾರಿಸಿ. ಪೋಷಕರೇ, ಮಕ್ಕಳು ಉತ್ತರ ತಂದು ತೋರಿಸಿದಾಗ ಗದರಬೇಡಿ. ಪರೀಕ್ಷೆಯಲ್ಲಿ ಆ ಲೆಕ್ಕಕ್ಕೆ ಸಿಗುವುದು ಎರಡೋ ಮೂರೋ ಅಂಕ. ಇಳಿಜಾರಿನಲ್ಲಿ ಅದರ ಬೆಲೆ ಬೇರೆಯೇ.